ಅವ್ವನ ಹೊಸ ಡಿಸ್ಕು

ಅವ್ವನ ನೆನಪು, ಕಲಿತ ಕೆಲಸ ಎಲ್ಲ ತುಂಬಿಟ್ಟಿದ್ದ ಕಿವಿಯ ಹಿಂದಿನ ಡಿಸ್ಕು ಹಳತಾಗಿತ್ತು. ಇದನ್ನು ಬದಲಿಸಲು ಅಂಗಡಿಗೆ ಓಡುವವರು ಕೈಲಾಗದವರು. ನಾನು ಮನೆಯಲ್ಲೇ ಎಲ್ಲವನ್ನೂ ಹೊಸದಕ್ಕೆ ನಕಲು ಮಾಡಿ, ಅದಕ್ಕೆ ಅವ್ವನ ಹೆಸರನ್ನೇ, ‘ಯಮುನಾಬಾಯಿ’ ಎಂದು ಕೊಟ್ಟು ಕೂರಿಸಿದೆ.

ಅವ್ವ ನನ್ನನ್ನು ಗುರುತಿಸಿದಳು, ಸಾರನ್ನೂ ಹದವಾಗಿ ಕುದಿಸಿದಳು. ಆದರೆ ಸೈಕಲ್ಲು ಹತ್ತಿದವಳೇ ವಾಲಿ ಬಿದ್ದಳು.

“ಅದು ತವರಮನ್ಯಾಗ ಕಲ್ತದ್ದು. ಆಗ ನಾ ಚಂಪಾ ಇದ್ದೆ. ಲಗ್ನದಾಗ ಹೆಸರು ಬದಲಿಸಿದ್ರು,” ಎಂದಳು.

ನನ್ನ ತಪ್ಪು ಹೊಳೆಯಿತು. ನೆನಪುಗಳಿಗೆ ಡಿಸ್ಕಿನ ಹೆಸರು ಬೇಕಿಲ್ಲ; ಆದರೆ ಕಲಿತ ಕೆಲಸಗಳ ಪ್ರೋಗ್ರಾಮುಗಳು ತಾವು ಮೊದಲು ಕೂತಾಗ ಡಿಸ್ಕಿಗಿದ್ದ ಹೆಸರನ್ನೇ ಹುಡುಕುತ್ತವೆ. ಹಳೆಯ ಡಿಸ್ಕಿಗೆ ಎರಡು ಹೆಸರಿದ್ದವು. ಹೊಸದು ಒಂದನ್ನೇ ಒಪ್ಪುತ್ತದೆ.

“ಅವ್ವಾ, ಚಂಪಾ ಅಂತ ಹಾಕಿದ್ರ ಸೈಕಲ್ ಬರ್ತದ, ಲಗ್ನ ಆದಮ್ಯಾಲೆ ಕಲ್ತ ಸಾರು ಮರ್ತು ಹೋಗ್ತದ. ಯಾವ ಹೆಸರು ಇಡ್ಲಿ?”

ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

“ಚಂಪಾ ಅಂತ ಇಡು. ಸಾರು ನೀ ಮಾಡು.”