ಒತ್ತು ಬೀಳಬೇಕಾದ ಜಾಗ

ಬಾಗಿಲು ತೆರೆದ ಕ್ರೈನಾಳ ಎದುರು ಕಪ್ಪು ಕೋಟಿನ ಇಪ್ಪತ್ತು ಜನ ಬೈಬಲ್ ಹಿಡಿದು ನಿಂತಿದ್ದರು. ಅವಳು ಈ ಡಚ್ ಊರಲ್ಲಿ ಮಸಾಜ್ ಕೇಂದ್ರ ಶುರುಮಾಡಿ ಎರಡು ವರ್ಷವಾದರೂ ಚರ್ಚಿನವರು ಇತ್ತ ತಲೆಹಾಕಿರಲಿಲ್ಲ.

“ಪ್ರಾರ್ಥನೆಗೆ ಬಂದ್ವಮ್ಮ,” ಎಂದು ಸಭೆಯ ಹಿರಿಯ ಲೀವನ್ ಊರಿನ ವಾರಪತ್ರಿಕೆ ಚಾಚಿದರು. ಅವಳು ಕೊಟ್ಟಿದ್ದ ಜಾಹೀರಾತಿನ ಉದ್ದನೆಯ ಪದ ಸಾಲಿನ ಕೊನೆಯಲ್ಲಿ ತುಂಡಾಗಿತ್ತು: ಮೇಲೆ ‘ಮಸ್ಸಾ’, ಕೆಳಗೆ ‘ಗೆಬೆಡ್’. ಡಚ್ಚಿನಲ್ಲಿ ಆ ಪದವನ್ನು ಹೀಗೆ massa-gebed ಎಂದು ಒಡೆದರೆ ಸಾಮೂಹಿಕ ಪ್ರಾರ್ಥನೆ ಎಂದಾಗುತ್ತದೆ.

“ಅಯ್ಯೋ, ಅದು massage-bed, ಮಸಾಜ್ ಮಂಚ! ಒತ್ತು ‘ಸಾ’ ಮೇಲೆ ಬೀಳ್ಬೇಕು. ಗಿರಾಕಿ ಇಲ್ಲ ಅಂತ ಮಂಚ ಮಾರ್ತಿದೀನಿ.”

“ನಮ್ಮೋರು ‘ಮ’ ಮೇಲೇ ಒತ್ತಿ ಒತ್ತಿ ಓದಿದ್ರು,” ಎಂದು ಲೀವನ್ನರ ಹೆಂಡತಿ ಕಿಸಕ್ಕೆಂದಳು. ಲೀವನ್ ಕೂಡ ನಕ್ಕರು; ನಗುವಾಗ ನೋವಿನಿಂದ ಸೊಂಟ ಹಿಡಿದುಕೊಂಡರು.

ಕ್ರೈನಾ ಅದನ್ನು ಗಮನಿಸಿದಳು. “ಎಷ್ಟು ದಿನದಿಂದ?”

“ಆಲೂಗಡ್ಡೆ ಕಿತ್ತಾಗಿಂದ.”

“ಒಳಗೆ ಬಂದು ಮಲಗಿ. ಪ್ರಾರ್ಥನೆ ಇವರು ಮಾಡ್ಲಿ.”

ಅರ್ಧ ಗಂಟೆಯಾದ ಮೇಲೆ ಲೀವನ್ ಮಂಚದಿಂದಿಳಿದು ನೆಟ್ಟಗೆ ನಿಂತರು. ಕಾದು ಕುಳಿತವರನ್ನೆಲ್ಲ ಒಮ್ಮೆ ನೋಡಿ, ಹೆಂಡತಿಗೆ ಗಟ್ಟಿಯಾಗಿ ಹೇಳಿದರು: “ಕೋಟು ಬಿಚ್ಚೇ, ಮುಂದಿನ ಸರದಿ ನಿಂದು.”