ಸ್ಪೇಸ್‌ಬಾರ್ ವಿದ್ಯೆ

ಪರೀಕ್ಷಕರ ಕುರ್ಚಿಯಲ್ಲಿದ್ದವಳು ಎದ್ದು ನಿಂತು ಕೈಮುಗಿದಾಗಲೇ ಅಂಬಣ್ಣ ಮಾಸ್ತರರಿಗೆ ಅರ್ಧ ಪಾಸಾದಂತಾಯಿತು. ದೇವದುರ್ಗದ ಅವರ ಕಂಪ್ಯೂಟರ್ ಕ್ಲಾಸಿನಲ್ಲೇ ಅಕ್ಷರ ಹುಡುಕಿ ಹುಡುಕಿ ಒತ್ತಲು ಕಲಿತ ದೇವಿಕಾ ಅವಳು. ಈಗ ರಾಯಚೂರಿನಲ್ಲಿ ಕುಳಿತು, ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದಾದ ಲಿಬ್ರೆಆಫೀಸ್ ಎಂಬ ಸಾಫ್ಟ್‌ವೇರನ್ನು ಬಲ್ಲೆವೆಂದು ಬಂದವರನ್ನು ಒರೆಗೆ ಹಚ್ಚಿ ಸರ್ಟಿಫಿಕೇಟ್ ಕೊಡುತ್ತಾಳೆ.

ಮಾಸ್ತರರಿಗೆ ಅದು ಬೇಕೇ ಬೇಕಾಗಿತ್ತು. ಸರ್ಟಿಫಿಕೇಟ್ ಇಲ್ಲದವರ ಕ್ಲಾಸಿಗೆ ಬರುವ ಜೂನ್‌ನಿಂದ ಮಾನ್ಯತೆ ಇಲ್ಲವೆಂದು ಮೇಲಿನವರು ಹೇಳಿಬಿಟ್ಟಿದ್ದರು. ಮಾನ್ಯತೆ ಹೋದರೆ ಹುಡುಗರೆಲ್ಲ ಮಾನ್ವಿಯ ಕ್ಲಾಸಿಗೆ ಬಸ್ಸು ಹತ್ತುವುದು ಖಂಡಿತ. ಹಾಗಂತ ಬಿಗುಮಾನ ಬಿಡುವ ಆಸಾಮಿಯಲ್ಲ.

"ಸಾಫ್ಟ್‌ವೇರ್ ಪುಕ್ಕಟ, ಸರ್ಟಿಫಿಕೇಟಿಗೆ ಫೀಜು. ಮಜ್ಜಿಗಿ ಧರ್ಮಕ್ಕ ಕೊಟ್ಟು ಗ್ಲಾಸಿಗೆ ರೊಕ್ಕ ಕೇಳಿದಂಗಾತು," ಎನ್ನುತ್ತಲೇ ಕುಳಿತರು.

ದೇವಿಕಾ ನಕ್ಕಳು. ಊರಿನ ಸುದ್ದಿ, ಬಿಸಿಲು, ಮಾಸ್ತರರ ಮೊಣಕಾಲು ನೋವು ಎಲ್ಲ ವಿಚಾರಿಸಿಕೊಂಡು, ಮಠದ ದಾಸೋಹಕ್ಕೊಂದು ಆಮಂತ್ರಣ ಟೈಪ್ ಮಾಡಲು ಹೇಳಿದಳು.

ಮಾಸ್ತರರ ಬೆರಳುಗಳು ಓಡಿದವು. ತಲೆಬರಹ ನಟ್ಟನಡುವೆ ಬರಬೇಕಲ್ಲ, ಸ್ಪೇಸ್‌ಬಾರ್ ಒತ್ತಿ ಒತ್ತಿ, ದೊಡ್ಡಿಗೆ ಕುರಿ ಹೊಡೆದಂತೆ ಅದನ್ನು ನಡುವಿಗೆ ಹೊಡೆದರು. ಒಂದು ಕಣ್ಣು ಮುಚ್ಚಿ ನೋಡಿದರು. ಇನ್ನೊಂದು ಒತ್ತು ಬೇಕೆನ್ನಿಸಿತು, ಒತ್ತಿದರು. ‘ಸರ್ವರಿಗೂ ಸ್ವಾಗತ’ವನ್ನು ಬಲಬದಿಗೆ ನೂಕಿದ್ದೂ ಹಾಗೆಯೇ. ಕೊನೆಗೆ ಕುರ್ಚಿಗೊರಗಿ, ಇನ್ನು ಪ್ರಿಂಟಿಗೆ ಕಳಿಸಲು ಅಡ್ಡಿಯಿಲ್ಲವೆಂದರು. ನೋಡಲು ನಿಜಕ್ಕೂ ಚೆಂದವಾಗಿತ್ತು.

"ಸರ, ಈಗ ಹಾಳಿ ಅಡ್ಡ ಮಾಡ್ರಿ," ಎಂದಳು ದೇವಿಕಾ, ಬೇರೆಯವರು ಹೇಳಿದ್ದರೆ ಚೆನ್ನಾಗಿತ್ತು ಎಂಬಂಥ ದನಿಯಲ್ಲಿ.

ಪರದೆಯ ಮೇಲಿನ ಹಾಳೆಯನ್ನು ಅಡ್ಡ ಮಾಡಿದ್ದೇ ತಡ, ನಡುವಿದ್ದ ತಲೆಬರಹ ಎಡಕ್ಕುಳಿಯಿತು. ಬಲದಲ್ಲಿದ್ದ ಸ್ವಾಗತ ನಡುವೆ ಬಂದು ಕುಳಿತಿತು. ಕೆಳಗಿದ್ದ ಸ್ವಾಮಿಗಳ ಹೆಸರೊಂದೇ ಎರಡನೇ ಪುಟಕ್ಕೆ ಇಳಿದುಹೋಗಿತ್ತು. ಮಾಸ್ತರರು ಮೌಸ್ ಅಲ್ಲಾಡಿಸಿದರು, ವೈರು ಮುಟ್ಟಿ ನೋಡಿದರು, ಮಷೀನೇ ಸರಿಯಿಲ್ಲವೆಂದರು. ದೇವಿಕಾ ಬಂದು, ತಲೆಬರಹದ ಹಿಂದಿದ್ದ ಖಾಲಿ ಜಾಗವನ್ನೆಲ್ಲ ಅಳಿಸಿ, ನಡುವಿಗೆ ತರುವ ಗುಂಡಿಯೊಂದನ್ನು ಒತ್ತಿದಳು. ಹಾಳೆ ಉದ್ದ ಮಾಡಿದರೂ ಅದು ನಡುವೆಯೇ ನಿಂತಿತು, ಅಡ್ಡ ಮಾಡಿದರೂ ನಡುವೆಯೇ.

ಮಾಸ್ತರರು ಆಚೀಚೆ ನೋಡಿ ದನಿ ತಗ್ಗಿಸಿದರು. "ಯವ್ವಾ ದೇವಿಕಾ, ನಿನಗ ಟೈಪಿಂಗ್ ಕಲಿಸಿದಾವ ನಾನ. ನೆನಪದ ಇಲ್ಲ?"

"ಹೆಂಗ ಮರೀಲ್ರೀ ಸರ," ಎಂದಳು ದೇವಿಕಾ, ಅವರು ಮತ್ತೆ ಪರೀಕ್ಷೆಗೆ ಬರಬೇಕಾದ ದಿನವನ್ನು ಗುರುತು ಹಾಕಿಕೊಳ್ಳುತ್ತ. "ಮೊದಲ್ನೇ ಸಲ ನಾನೂ ಅದಕ್ಕ ಫೇಲಾಗಿದ್ದೆ."