ಛಾವಣಿಯ ಮೇಲಿನ ಬಿಷಪ್

ಹಳದಿ ಮಳೆಕೋಟಿನ ಟೋಪಿಯನ್ನು ಮೂಗಿನ ತನಕ ಎಳೆದುಕೊಂಡು ಐನಾರ್ ಬಂಡೆಯ ಹಿಂದೆ ಕುಕ್ಕರಿಸಿದ. ಕೆಳಗೆ, ಜಲಪಾತದ ಪಕ್ಕದ ಕಲ್ಲುಮೆಟ್ಟಿಲುಗಳ ಮೇಲೆ ಕೆಂಪು ಉಣ್ಣೆಯ ಟೋಪಿಯೊಂದು ಹತ್ತಿ ಬರುತ್ತಿತ್ತು. ಅದು ಅವನ ಹೆಂಡತಿ ಬೋರ್ಗಿಲ್ಡ್ ತಾನೇ ಹೆಣೆದುಕೊಂಡ ಟೋಪಿ. ಬೆಟ್ಟಗಳ ನಡುವೆ ಕಡಲು ಒಳನುಗ್ಗಿದ ಫಿಯೋರ್ಡಿನ ಈ ದಡದಲ್ಲಿ ಅಂಥದ್ದು ಇನ್ನೊಂದಿಲ್ಲ.

ಬರಲಿ. ಅವಳ ಬಾಯಿಂದ ಒಂದೇ ಒಂದು ಮಾತು ಉದುರಿದರೆ ಸಾಕು.

ಗಂಡ ಹೆಂಡತಿ ಮಾತು ಬಿಟ್ಟು ಮೂರು ವಾರವಾಗಿತ್ತು. ಕಾರಣ, ಬಿಷಪ್. ಬಿಷಪ್ ಎಂದರೆ ಐನಾರ್ ಸೀಸೆಯಲ್ಲಿ ಹಾಲು ಕುಡಿಸಿ ಸಾಕಿದ ಹೋತ. ಗಡ್ಡವನ್ನೂ ಗತ್ತನ್ನೂ ನೋಡಿ ಇಟ್ಟ ಹೆಸರು. ಊರಿನ ಪಾದ್ರಿಯೇ ಬಂದು ನೋಡಿ, ಹೆಸರು ಸರಿಯಾಗಿದೆ ಎಂದಿದ್ದರು. ಹುಲ್ಲು ಬೆಳೆಸಿದ ಮನೆಯ ಛಾವಣಿಯೇ ಅದರ ಮೇವಿನ ಜಾಗ. ಪ್ರವಾಸಿಗರ ಹಡಗು ಬಂದ ದಿನ ಅರ್ಧ ಪ್ರಪಂಚ ಅಂಗಳದಲ್ಲಿ ನಿಂತು ಅದರ ಫೋಟೊ ತೆಗೆಯುತ್ತಿತ್ತು. ಐನಾರ್ ಪಕ್ಕದಲ್ಲಿ ಎದೆಯುಬ್ಬಿಸಿ ನಿಲ್ಲುತ್ತಿದ್ದ.

ಮಲಗಿದಲ್ಲೇ ನೆತ್ತಿಯ ಮೇಲೆ ಬೆಳಗಿನ ಜಾವದಿಂದ ಗೊರಸಿನ ಸದ್ದು ಕೇಳಿದರೂ ಬೋರ್ಗಿಲ್ಡ್ ಸಹಿಸಿಕೊಂಡಿದ್ದಳು. ಆದರೆ ಒಂದು ದಿನ ಪ್ರವಾಸಿಯೊಬ್ಬ, ಹೋತದ ಗಡ್ಡ ಹತ್ತಿರದಿಂದ ಬೇಕೆಂದು ಗೋಡೆಗೆ ಏಣಿ ಹಾಕಿದ. ಅರ್ಧ ಹತ್ತಿದಾಗ ಸ್ನಾನದ ಮನೆಯ ಕಿಟಕಿ ಸಿಕ್ಕಿತು. ಒಳಗೆ ಬೋರ್ಗಿಲ್ಡ್ ಇದ್ದಳು. ಅವನು ಮರ್ಯಾದಸ್ಥ, ಕೈ ಬೀಸಿದ.

"ಆ ಹೋತ ಇವತ್ತೇ ಆಚೆ ದಡಕ್ಕೆ, ನಮ್ಮಣ್ಣನ ಮನೆಗೆ ಹೋಗ್ಬೇಕು," ಎಂದು ಅವಳು ಟವೆಲ್ಲಿನಲ್ಲೇ ಹೊರಬಂದು ಕೂಗಿದ್ದಳು.

"ಬೇಕಾದ್ರೆ ನೀನು ಹೋಗು."

"ಇನ್ಮೇಲೆ ನಿನ್ನ ಹತ್ರ ಮಾತಾಡಿದ್ರೆ ಕೇಳು!"

"ನೀನಾ? ಮಾತಾಡದೆ ಇರೋದಾ? ನೋಡೇ ಬಿಡೋಣ. ಮೊದಲು ಬಾಯಿ ಬಿಟ್ಟೋರು ಸೋತ ಹಾಗೆ. ನೀನು ಸೋತ್ರೆ ಬಿಷಪ್ ಮೇಲೇ ಇರ್ತಾನೆ."

"ನೀನು ಸೋತ್ರೆ ಅವತ್ತೇ ದೋಣಿ ಹತ್ತುತ್ತಾನೆ."

ಅಲ್ಲಿಗೆ ಮನೆ ಮೂಕವಾಯಿತು. ಉಪ್ಪು ಬೇಕಾದರೆ ಬೆರಳು, ಕಾಫಿ ಬೇಡವಾದರೆ ಅಂಗೈ. ಐನಾರನಿಗೆ ಪ್ರಾಣಸಂಕಟವಾಗುತ್ತಿದ್ದುದು ಊಟದ ಕೊನೆಯಲ್ಲಿ. ಬಡಿಸಿದವರಿಗೆ "ಊಟಕ್ಕೆ ಥ್ಯಾಂಕ್ಸ್" ಎನ್ನದೆ ಮೇಜು ಬಿಟ್ಟು ಏಳುವುದನ್ನು ಅವನ ತಾಯಿ ಅವನಿಗೆ ಕಲಿಸಿರಲಿಲ್ಲ. ಬೋರ್ಗಿಲ್ಡ್ ಸೌಟು ಹಿಡಿದು, ಬಾಯಿಯನ್ನೇ ನೋಡುತ್ತಾ ಕಾಯುತ್ತಿದ್ದಳು. ಅವನು ಕೊನೆಯ ಆಲೂಗಡ್ಡೆಯನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡು ಅಂಗಳಕ್ಕೆ ಓಡುತ್ತಿದ್ದ.

ಹೀಗೇ ಹೋದರೆ ಸೋಲುವುದು ತಾನೇ ಎಂದು ಹೊಳೆದ ದಿನ ಉಪಾಯವೂ ಹೊಳೆಯಿತು. ನಾರ್ವೆಯವರು ಊರೊಳಗೆ ಎದುರಾದವರನ್ನು ದೀಪದ ಕಂಬದಂತೆ ದಾಟಿ ಹೋಗುತ್ತಾರೆ. ಅದೇ ಜನ ಬೆಟ್ಟದ ದಾರಿಯಲ್ಲಿ ಗುರುತಿಲ್ಲದವರಿಗೂ "ಹಾಯ್" ಎನ್ನದೆ ಬಿಡುವುದಿಲ್ಲ. ಬೋರ್ಗಿಲ್ಡಳಂತೂ ದಿನಾ ಜಲಪಾತದ ಮೆಟ್ಟಿಲು ಹತ್ತುವವಳು, ಬೆಟ್ಟದಲ್ಲಿ ಕುರಿಗಳಿಗೂ ಹಾಯ್ ಹೇಳುವವಳು. ಹಡಗಿನವರ ವೇಷದಲ್ಲಿ ಎದುರಿಗೆ ಹೋದರೆ ಕೆಲಸ ಆದಂತೆ.

ಬಂದರಿನಲ್ಲಿ ಷಡ್ಡಕ ಕ್ನುಟ್‌ನ ಅಂಗಡಿಯಿತ್ತು. ಹಡಗಿನವರು ಬಿಸಾಡಿದ ಹಳದಿ ಮಳೆಕೋಟುಗಳನ್ನು ಒರೆಸಿ, ಮುಂದಿನ ಹಡಗಿನವರಿಗೆ ಮಾರುವಷ್ಟು ಜಾಣ ಅವನು. ಐನಾರ್ ಅವನ ಕಿವಿಯಲ್ಲಿ ಎಲ್ಲ ಹೇಳಿದ. ಕ್ನುಟ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಸಿಗ್ನೆಗೆ ಹೇಳ್ಬೇಡ ಮತ್ತೆ. ಅವಳ ಅಕ್ಕನಿಗೆ ತಲುಪಿಬಿಡುತ್ತೆ," ಎಂದ ಐನಾರ್.

"ನಾನು? ನನ್ನ ಹೆಂಡತಿಗೆ?" ಕ್ನುಟ್ ಎದೆಯ ಮೇಲೆ ಕೈಯಿಟ್ಟ. "ನಾಳೆ ಹಡಗು ಬರುತ್ತೆ, ಅವರ ಜೊತೆ ಬಸ್ಸಲ್ಲಿ ಮೇಲೆ ಹೋಗಿ, ನಡ್ಕೊಂಡು ಇಳಿ. ಮೊದಲನೇ ಬಸ್ಸು ಬೇಡ, ನೂಕುನುಗ್ಗಲು. ಎರಡನೇದಕ್ಕೆ ಆರಾಮಾಗಿ ಹತ್ತಯ್ಯಾ."

ಇಂಥ ಷಡ್ಡಕ ಯಾರಿಗುಂಟು ಎಂದುಕೊಂಡೇ ಐನಾರ್ ಎರಡನೆಯ ಬಸ್ಸು ಹತ್ತಿದ್ದ.

ಈಗ ಬಂಡೆಯ ಹಿಂದಿನಿಂದ ಇಣುಕಿದ. ಕೆಂಪು ಟೋಪಿ ಎರಡೆರಡು ಮೆಟ್ಟಿಲು ಹಾರಿ ಬರುತ್ತಿತ್ತು. ಮಂಡಿನೋವು ಅಂತ ನಿನ್ನೆಯೂ ಎಣ್ಣೆ ಉಜ್ಜಿಕೊಂಡಿದ್ದಳು; ಎಣ್ಣೆ ಚೆನ್ನಾಗಿರಬೇಕು. ಕುರಿಗಳ ಬೇಲಿಯ ಗೇಟಿನ ಕೆಳಗೆ ದಾರಿ ಇಕ್ಕಟ್ಟು. ಎದುರಾಗಬೇಕಾದದ್ದು ಅಲ್ಲೇ.

ಅವನು ಹಡಗಿನವರ ಗುಂಪಿನ ಹಿಂದೆ ಸೇರಿಕೊಂಡ. ಅವರು ವಾಡಿಕೆಯಂತೆ ಗೇಟನ್ನು ಹಾರು ಹೊಡೆದು, ಮುಚ್ಚದೆ ಬಿಟ್ಟು, ಜಲಪಾತಕ್ಕೆ ಬೆನ್ನು ಹಾಕಿ ತಮ್ಮದೇ ಮುಖದ ಫೋಟೊ ತೆಗೆಯುತ್ತಾ ಮುಂದೆ ಹೋದರು. ಎರಡು ಕುರಿಗಳೂ ಅವರ ಜೊತೆ ಹೊರಟವು. ಐನಾರ್ ದಾಪುಗಾಲು ಹಾಕಿದ. ತನಗೂ ಎಲ್ಲಿ ಹಾಯ್ ಬಂದುಬಿಡುತ್ತದೋ ಎಂದು ತುಟಿಗಳನ್ನು ಬಿಗಿದ. ಕೆಂಪು ಟೋಪಿ ಕೂಗಳತೆಯಲ್ಲಿತ್ತು. ಗಾಳಿಗೆ ಗೇಟು ಬಡಿದುಕೊಳ್ಳುವಷ್ಟರಲ್ಲಿ, ಅಲ್ಲೇ ಹಿಂದುಳಿದಿದ್ದ ಹಳದಿ ಕೋಟೊಂದು ಅದನ್ನು ಹಿಡಿದು, ಪಕ್ಕಕ್ಕೆ ಸರಿದು, ಅವನಿಗೆ ದಾರಿ ಬಿಟ್ಟಿತು.

"ಥ್ಯಾಂಕ್ಸ್," ಎಂದ ಐನಾರ್, ಕೆಂಪು ಟೋಪಿಯ ಮೇಲಿನ ಕಣ್ಣು ಕೀಳದೆ, ದಾಟುತ್ತಾ.

ಹಿಂದೆ ಗೇಟಿನ ಅಗುಳಿ ಬಿದ್ದ ಸದ್ದಾಯಿತು.

ಐನಾರ್ ನಿಂತುಬಿಟ್ಟ. ಹಡಗಿನವರು ಆ ಗೇಟು ಮುಚ್ಚಿದ್ದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಕೆಳಗೆ ನಾದಿನಿ ಸಿಗ್ನೆ ಕೆಂಪು ಟೋಪಿಯನ್ನು ತಲೆಯಿಂದ ತೆಗೆದು, ಕುಣಿಯುತ್ತಾ ಅವನತ್ತ ಬೀಸಿದಳು.

"ಮೊದಲು ಹೋಗಿ ಬಿಷಪ್ಪನ್ನ ಕೆಳಗಿಳಿಸು," ಎಂದಿತು ಬೆನ್ನ ಹಿಂದಿನ ಹಳದಿ ಕೋಟು, ಮೂರು ವಾರದಿಂದ ಅವನು ಕೇಳದಿದ್ದ ದನಿಯಲ್ಲಿ. "ಉಳಿದ ಮಾತು ಆಮೇಲೆ."